ಆರೈಕೆ ಕೇಂದ್ರದಿಂದ ಬಂದವರ ತಲೆಯಲ್ಲಿ ಹೇನು: ಯಾರಿಗೆ ಯಾವ ದಾರಿ ಹೊಂದುತ್ತದೆ?

ಅಮ್ಮ ಸೊಂಟದ ಮೂಳೆ ಮುರಿದುಕೊಂಡು ಆಪರೇಷನ್ ಮಾಡಿಸಿಕೊಂಡ ಮೇಲೆ ಐದು ವಾರ ಒಂದು ಆರೈಕೆ ಕೇಂದ್ರದಲ್ಲಿ ಇದ್ದಳು. ಮನೆಗೆ ಬಂದು ಹತ್ತು ದಿನ ಆಗಿತ್ತು. ತಲೆ ಬಾಚಲು ಕೂತಾಗ ಅವಳ ಕಿವಿಯ ಹಿಂದೆ ಏನೋ ಹರಿದ ಹಾಗಾಯಿತು. ಬೆಳಕಿಗೆ ತಿರುಗಿಸಿ ನೋಡಿದೆ. ಹೇನು. ಪಕ್ಕದಲ್ಲೇ ಕೂದಲಿನ ಬುಡಕ್ಕೆ ಸೀರು ಸಾಲಾಗಿ ಅಂಟಿಕೊಂಡಿತ್ತು. ಅಮ್ಮನ ಕಣ್ಣಲ್ಲಿ ನೀರು ಬಂತು. "ಈ ವಯಸ್ಸಿಗೆ ಇದೊಂದು ಬಾಕಿ ಇತ್ತು" ಅಂದಳು.

ನನಗೆ ಕೇಂದ್ರದವರ ಮೇಲೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಮೊದಲು ಕೈಗೆ ಸಿಕ್ಕ ಔಷಧಿ ತಂದು ಹಚ್ಚಿದೆ. ಗಸಗಸ ಬಾಚಿದೆ. ಅಮ್ಮ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಾಳೆ. ನೆತ್ತಿ ಅಲ್ಲಲ್ಲಿ ಗೀರಿ ರಕ್ತ ಬಂತು. ಅದರ ಜೊತೆಗೆ ಎರಡನೇ ಸಲ ಹಚ್ಚುವುದನ್ನೇ ಮರೆತೆ. ಎರಡು ವಾರ ಕಳೆಯುವಷ್ಟರಲ್ಲಿ ಹೇನು ಮತ್ತೆ ಹರಿದಾಡುತ್ತಿತ್ತು. ಆಮೇಲೆ ಡಾಕ್ಟರನ್ನು ಕೇಳಿ, ಔಷಧಿ ಅಂಗಡಿಯವರನ್ನು ಕೇಳಿ, ಸಿಕ್ಕಿದ್ದೆಲ್ಲ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಔಷಧಿ ಎಷ್ಟು ಜೋರು ಅಂತ ಮಾತ್ರ ನೋಡಿದ್ದೆ. ನೋಡಬೇಕಾಗಿದ್ದದ್ದು ಆ ತಲೆ ಯಾರದು, ಅದನ್ನು ಬಾಚುವ ಕೈ ಯಾರದು ಅನ್ನುವುದನ್ನು.

ಮೊದಲು ಅದು ಹೇನೇ ಹೌದಾ ನೋಡಿ

ವಯಸ್ಸಾದವರ ತಲೆ ತುರಿಸುವುದಕ್ಕೆ ಹತ್ತು ಕಾರಣ ಇರುತ್ತವೆ. ಹೊಟ್ಟು, ಒಣ ಚರ್ಮ, ಸೋರಿಯಾಸಿಸ್, ಹೊಸ ಶ್ಯಾಂಪೂ, ಹೊಸ ಮಾತ್ರೆ. ಹೊಟ್ಟನ್ನು ಬೆರಳಿನಿಂದ ಸರಿಸಿದರೆ ಉದುರುತ್ತದೆ. ಸೀರು ಉದುರುವುದಿಲ್ಲ, ಕೂದಲಿಗೆ ಗೋಂದು ಹಾಕಿದ ಹಾಗೆ ಹಿಡಿದುಕೊಂಡಿರುತ್ತದೆ. ಉಗುರಿನಿಂದ ಎಳೆದೇ ತೆಗೆಯಬೇಕು.

ಸೀರು ಕಂಡ ಮಾತ್ರಕ್ಕೆ ಔಷಧಿ ಬೇಕು ಅಂತಲೂ ಅಲ್ಲ. ಹೆಣ್ಣು ಹೇನು ನೆತ್ತಿಯ ಬಿಸಿ ಸಿಗುವ ಜಾಗದಲ್ಲೇ, ಬುಡದಿಂದ ಸುಮಾರು 6 ಮಿಲಿಮೀಟರ್ ಒಳಗೆ ಮೊಟ್ಟೆ ಇಡುತ್ತದೆ. ಕೂದಲು ತಿಂಗಳಿಗೆ ಹೆಚ್ಚು ಕಡಿಮೆ 1 ಸೆಂಟಿಮೀಟರ್ ಬೆಳೆಯುತ್ತದೆ. ಹಾಗಾಗಿ ಬುಡದಿಂದ ಒಂದು ಸೆಂಟಿಮೀಟರಿಗಿಂತ ದೂರ ಇರುವ ಸೀರು ಸಾಮಾನ್ಯವಾಗಿ ಒಡೆದು ಖಾಲಿಯಾದದ್ದು, ಇಲ್ಲವೇ ಸತ್ತದ್ದು. ಹರಿದಾಡುವ ಹೇನು ಒಂದಾದರೂ ಸಿಕ್ಕರೆ ಮಾತ್ರ ಔಷಧಿಯ ಮಾತು.

ಒಣ ತಲೆಯನ್ನು ಸುಮ್ನೆ ಬಗೆದು ನೋಡಿದರೆ ಹೇನು ತಪ್ಪಿಸಿಕೊಳ್ಳುತ್ತದೆ. ದೊಡ್ಡ ಹೇನು ಎಂದರೂ 2ರಿಂದ 3 ಮಿಲಿಮೀಟರ್, ಎಳ್ಳಿನ ಕಾಳಿನಷ್ಟು. ಬೆಳಕು ಬಿದ್ದ ಕೂಡಲೇ ಓಡುತ್ತದೆ. ತಲೆ ಒದ್ದೆ ಮಾಡಿ, ಕಂಡೀಷನರ್ ಹಚ್ಚಿ, ಸೀರಣಿಗೆಯಿಂದ ಬುಡದಿಂದ ತುದಿಯವರೆಗೆ ಎಳೆದು, ಪ್ರತಿ ಸಲ ಬಿಳಿ ಬಟ್ಟೆಗೆ ಒರೆಸಿ ನೋಡಿ. ಕಿವಿಯ ಹಿಂದೆ ಮತ್ತು ಕತ್ತಿನ ಮೇಲ್ಭಾಗದಲ್ಲಿ ಜಾಸ್ತಿ ಸಿಗುತ್ತವೆ.

ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಆರೈಕೆ ಕೇಂದ್ರದಿಂದ ಬಂದವರಿಗೆ ಬೆರಳ ಸಂದಿ, ಮಣಿಕಟ್ಟು, ಹೊಟ್ಟೆ, ತೊಡೆ ಎಲ್ಲ ತುರಿಸುತ್ತಿದ್ದರೆ, ರಾತ್ರಿ ಹೊತ್ತು ಜಾಸ್ತಿ ಆದರೆ, ಅದು ಕಜ್ಜಿ ಇರಬಹುದು. ಕಜ್ಜಿಯ ಹುಳ ಚರ್ಮದೊಳಗೆ ಕೊರೆದು ಕೂರುತ್ತದೆ. ಅದರ ಚಿಕಿತ್ಸೆ ಪೂರ್ತಿ ಬೇರೆ. ಮೈಯೆಲ್ಲ ಹಚ್ಚಬೇಕು, ಜೊತೆಗಿರುವವರಿಗೂ ಹಚ್ಚಬೇಕು. ತಲೆಗೆ ಹೇನಿನ ಲೋಷನ್ ಹಾಕಿದರೆ ಕಜ್ಜಿ ಹೋಗುವುದಿಲ್ಲ. ಬಟ್ಟೆಯ ಹೊಲಿಗೆಯಲ್ಲಿ ಕೂರುವ ಕೂರೆಯೂ ಬೇರೆಯೇ. ಕೂರೆಯಿಂದ ಟೈಫಸ್‌ನಂಥ ಜ್ವರ ಹರಡುತ್ತದೆ. ತಲೆಯ ಹೇನು ಕಾಯಿಲೆ ಹರಡುವುದಿಲ್ಲ. ಈ ಮಾತು ಹೇಳಿದ ಮೇಲೆ ಅಮ್ಮ ಸ್ವಲ್ಪ ಸಮಾಧಾನವಾದಳು.

ಎಲ್ಲಿಂದ ಬಂತು?

ಹೇನಿಗೆ ರೆಕ್ಕೆ ಇಲ್ಲ, ಅದು ಹಾರುವುದಿಲ್ಲ, ಕುಪ್ಪಳಿಸುವುದೂ ಇಲ್ಲ. ಕೂದಲಿಗೆ ಕೂದಲು ತಾಗಿದಾಗ ನಡೆದುಕೊಂಡು ಹೋಗುತ್ತದೆ. ಆರೈಕೆ ಕೇಂದ್ರದಲ್ಲಿ ಇದು ಸುಲಭ. ಎತ್ತಿ ಕೂರಿಸುವಾಗ, ಹಾಸಿಗೆ ಬದಲಿಸುವಾಗ, ಸ್ನಾನ ಮಾಡಿಸುವಾಗ ಆರೈಕೆ ಮಾಡುವವರ ತಲೆ ತೀರಾ ಹತ್ತಿರ ಬರುತ್ತದೆ. ಒಂದೇ ಬಾಚಣಿಗೆ ಇಬ್ಬರಿಗೆ ಬಳಸಿರಬಹುದು. ನೋಡಲು ಬಂದ ಮೊಮ್ಮಕ್ಕಳು ತಬ್ಬಿಕೊಂಡಿರಬಹುದು.

ತುರಿಕೆ ಶುರುವಾದ ದಿನದಿಂದ ಲೆಕ್ಕ ಹಾಕಲು ಹೋಗಬೇಡಿ. ತುರಿಕೆ ಬರುವುದು ಹೇನಿನ ಎಂಜಲಿಗೆ ನಮ್ಮ ಮೈ ತೋರಿಸುವ ಅಲರ್ಜಿಯಿಂದ. ಮೊದಲ ಸಲ ಹೇನು ಆದವರಿಗೆ ಆ ಅಲರ್ಜಿ ಹುಟ್ಟಲು 4ರಿಂದ 6 ವಾರ ಬೇಕಾಗಬಹುದು. ಹಿಂದೆ ಆಗಿದ್ದವರಿಗೆ ಒಂದೆರಡು ದಿನದಲ್ಲೇ ತುರಿಸಬಹುದು. ಅಂದರೆ ಕೇಂದ್ರಕ್ಕೆ ಹೋಗುವ ಮೊದಲೇ ಇದ್ದಿರಬಹುದು, ಅಲ್ಲೇ ಬಂದಿರಬಹುದು, ಮನೆಗೆ ಬಂದ ಮೇಲೆ ಬಂದಿರಲೂಬಹುದು. ನಾನು ಕೇಂದ್ರದವರಿಗೆ ಫೋನ್ ಮಾಡಿ ಕೂಗಾಡಿದ್ದೆ. ಈ ಲೆಕ್ಕ ಗೊತ್ತಾದ ಮೇಲೆ ಮತ್ತೆ ಫೋನ್ ಮಾಡಿ ಕ್ಷಮೆ ಕೇಳಿದೆ.

ಯಾವ ದಾರಿ ಹಿಡಿದರೂ ತಪ್ಪದ ಲೆಕ್ಕ

ಮೊಟ್ಟೆ ಒಡೆಯಲು ಹೆಚ್ಚು ಕಡಿಮೆ ಒಂದು ವಾರದಿಂದ 10 ದಿನ. ಮರಿ ಬೆಳೆದು ತಾನೇ ಮೊಟ್ಟೆ ಇಡಲು ಮತ್ತೆ ಒಂದು ವಾರಕ್ಕಿಂತ ಜಾಸ್ತಿ. ದೊಡ್ಡದಾದ ಹೇನು ತಲೆಯ ಮೇಲೆ ಸುಮಾರು ಒಂದು ತಿಂಗಳು ಬದುಕುತ್ತದೆ, ದಿನಕ್ಕೆ ಎಂಟರವರೆಗೆ ಮೊಟ್ಟೆ ಇಡುತ್ತದೆ.

ಬಹುತೇಕ ಔಷಧಿಗಳು ಹರಿದಾಡುವ ಹೇನನ್ನು ಕೊಲ್ಲುತ್ತವೆ, ಮೊಟ್ಟೆಯನ್ನು ಪೂರ್ತಿ ಕೊಲ್ಲುವುದಿಲ್ಲ. ನರದ ಮೇಲೆ ಕೆಲಸ ಮಾಡುವ ವಿಷ ನರವೇ ಬೆಳೆಯದ ಎಳೆ ಮೊಟ್ಟೆಗೆ ಏನು ಮಾಡೀತು? ಹಾಗಾಗಿ ಉಳಿದ ಮೊಟ್ಟೆ ಒಡೆದು ಮರಿ ಬಂದ ಮೇಲೆ, ಆ ಮರಿ ಮೊಟ್ಟೆ ಇಡುವ ಮೊದಲು, ಇನ್ನೊಂದು ಸಲ ಹಚ್ಚಬೇಕು. 7ರಿಂದ 10ನೇ ದಿನದ ನಡುವೆ ಆ ಸಂದು ಸಿಗುತ್ತದೆ. ನಾನು ತಪ್ಪಿದ್ದು ಇಲ್ಲೇ. ಮೊದಲ ಸಲ ಹಚ್ಚಿದ ದಿನವೇ ಎರಡನೇ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದುಬಿಡಿ. ಸರಿಯಾದ ದಿನ ಎರಡನೇ ಸಲ ಹಚ್ಚಿದ ಸಾಧಾರಣ ಔಷಧಿ, ಒಂದೇ ಸಲ ಹಚ್ಚಿ ಬಿಟ್ಟ ಜೋರು ಔಷಧಿಗಿಂತ ಮೇಲು.

ಒದ್ದೆ ತಲೆ ಬಾಚುವುದು

ಇದರಲ್ಲಿ ಔಷಧಿ ಏನೂ ಇಲ್ಲ. ಕಂಡೀಷನರ್ ಧಾರಾಳವಾಗಿ ಹಚ್ಚಿದರೆ ಹೇನು ಸ್ವಲ್ಪ ಹೊತ್ತು ಕದಲದೆ ನಿಲ್ಲುತ್ತದೆ, ಬಾಚಣಿಗೆಯೂ ಜಾರುತ್ತದೆ. ಮೊದಲು ಸಾಮಾನ್ಯ ಬಾಚಣಿಗೆಯಿಂದ ಸಿಕ್ಕು ಬಿಡಿಸಿಕೊಳ್ಳಿ. ಆಮೇಲೆ ಸೀರಣಿಗೆ. ಹಲ್ಲುಗಳ ನಡುವಿನ ಸಂದು 0.2ರಿಂದ 0.3 ಮಿಲಿಮೀಟರ್ ಇರಬೇಕು, ಅದಕ್ಕಿಂತ ಅಗಲವಾದರೆ ಮರಿಹೇನು ನುಸುಳಿಕೊಳ್ಳುತ್ತದೆ. ಕೂದಲನ್ನು ಸಣ್ಣ ಸಣ್ಣ ಭಾಗ ಮಾಡಿ, ನೆತ್ತಿಗೆ ತಾಗಿಸಿ, ತುದಿಯವರೆಗೆ ಎಳೆಯಿರಿ. ಇಡೀ ತಲೆಯನ್ನು ಎರಡು ಸಲ ಬಾಚಿ. ಗಿಡ್ಡ ಕೂದಲಿಗೆ ಹತ್ತು ನಿಮಿಷ ಸಾಕು. ಉದ್ದ, ಗುಂಗುರು ಕೂದಲಿಗೆ ಅರ್ಧ ಗಂಟೆ ಆದೀತು. ಇದನ್ನು 1, 5, 9, 13ನೇ ದಿನ ಮಾಡಿ, 17ನೇ ದಿನ ಮತ್ತೊಮ್ಮೆ ನೋಡಬೇಕು.

ಫಲ ಎಷ್ಟು? ಬ್ರಿಟನ್ನಿನಲ್ಲಿ ನಡೆದ ಎರಡು ಪರೀಕ್ಷೆಗಳು ನನ್ನನ್ನು ಬಹಳ ಯೋಚನೆಗೆ ಹಚ್ಚಿದವು. 2000ದಲ್ಲಿ ಪ್ರಕಟವಾದ ಒಂದರಲ್ಲಿ ಬಾಚಿದ ಮಕ್ಕಳಲ್ಲಿ 38% ಮಂದಿಗೆ ಮಾತ್ರ ಹೇನು ಹೋಯಿತು, ಮ್ಯಾಲಾಥಿಯಾನ್ ಅನ್ನುವ ಕೀಟನಾಶಕ ಲೋಷನ್ ಹಚ್ಚಿದವರಲ್ಲಿ 78%. 2005ರ ಇನ್ನೊಂದರಲ್ಲಿ ಎಲ್ಲ ತಲೆಕೆಳಗು. ಬಾಚಿದವರಲ್ಲಿ 57%, ಅಂಗಡಿಯ ಕೀಟನಾಶಕ ಲೋಷನ್ ಹಚ್ಚಿದವರಲ್ಲಿ 13%. ಎರಡನ್ನೂ ಜೊತೆಗಿಟ್ಟು ನೋಡಿದಾಗ ನನಗೆ ಅನ್ನಿಸುವುದು ಇಷ್ಟು. ಬಾಚುವುದರ ಫಲ ಬಾಚುವವರ ತಾಳ್ಮೆಯ ಮೇಲೆ ನಿಂತಿದೆ. ಔಷಧಿಯ ಫಲ ಆ ಊರಿನ ಹೇನು ಅದಕ್ಕೆ ಎಷ್ಟು ಒಗ್ಗಿಕೊಂಡಿದೆ ಅನ್ನುವುದರ ಮೇಲೆ ನಿಂತಿದೆ.

ವಯಸ್ಸಾದವರಿಗೆ ಇದು ಹೊಂದುತ್ತದಾ? ಕೂದಲು ತೆಳ್ಳಗಿದ್ದು, ಗಿಡ್ಡಗಿದ್ದು, ಅವರಿಗೆ ಹತ್ತಿಪ್ಪತ್ತು ನಿಮಿಷ ಕುರ್ಚಿಯಲ್ಲಿ ಕೂರಲು ಆಗುವುದಾದರೆ ಬಹಳ ಚೆನ್ನಾಗಿ ಹೊಂದುತ್ತದೆ. ಯಾವ ಮಾತ್ರೆಯ ಜೊತೆಗೂ ಜಗಳ ಇಲ್ಲ, ಬಸುರಿ ಬಾಣಂತಿಯರಿಗೂ ಸರಿ, ಆಸ್ತಮಾ ಇದ್ದವರಿಗೂ ಸರಿ. ಕತ್ತು ನಿಲ್ಲದವರಿಗೆ, ಮುಟ್ಟಿದರೆ ಗಾಬರಿಯಾಗುವವರಿಗೆ ಇದು ಕಷ್ಟ. ನೆತ್ತಿಯ ಚರ್ಮ ಕಾಗದದಷ್ಟು ತೆಳುವಾಗಿದ್ದರೆ ಲೋಹದ ಬಾಚಣಿಗೆ ಬಿಟ್ಟು, ತುದಿ ಮೊಂಡಾದ ಪ್ಲಾಸ್ಟಿಕ್ ಬಾಚಣಿಗೆ ಹಿಡಿಯಿರಿ. ನೆತ್ತಿಗೆ ಒತ್ತಬೇಡಿ, ತಾಗಿದರೆ ಸಾಕು.

ಡೈಮೆಥಿಕೋನ್

ಇದು ಒಂದು ಬಗೆಯ ಸಿಲಿಕೋನ್ ಎಣ್ಣೆ. ವಿಷ ಅಲ್ಲ. ಹೇನಿನ ಮೈಯನ್ನು ಸುತ್ತಿಕೊಂಡು ಅದರ ಉಸಿರಾಟದ ತೂತುಗಳನ್ನು ಮುಚ್ಚುತ್ತದೆ. ಒಳಗಿನ ನೀರನ್ನು ಹೊರಹಾಕಲು ಹೇನಿಗೆ ಆಗುವುದಿಲ್ಲ, ಸಾಯುತ್ತದೆ. ನರದ ಮೇಲೆ ಕೆಲಸ ಮಾಡದ್ದರಿಂದ ಹೇನು ಇದಕ್ಕೆ ಒಗ್ಗಿಕೊಳ್ಳುವುದು ಕಷ್ಟ. ಚರ್ಮದೊಳಗೆ ಇಳಿಯುವುದಿಲ್ಲ, ಹಾಗಾಗಿ ಬೇರೆ ಮಾತ್ರೆಗಳ ಚಿಂತೆ ಕಡಿಮೆ. 4% ಲೋಷನ್ ಹೆಸರುವಾಸಿ. ಅದನ್ನು 8 ಗಂಟೆ ಅಥವಾ ಇಡೀ ರಾತ್ರಿ ಬಿಡಬೇಕು. ಕಾಲು ಗಂಟೆ ಬಿಟ್ಟರೆ ಸಾಕಾಗುವ ಬೇರೆ ತಯಾರಿಕೆಗಳೂ ಇವೆ. ಪೆಟ್ಟಿಗೆಯ ಮೇಲೆ ಬರೆದ ಹೊತ್ತನ್ನೇ ಪಾಲಿಸಿ. 7 ದಿನಕ್ಕೆ ಎರಡನೇ ಸಲ.

ವಯಸ್ಸಾದವರಿಗೆ ಔಷಧಿ ಬೇಕೇ ಬೇಕು ಅಂದರೆ ನನ್ನ ಮೊದಲ ಆಯ್ಕೆ ಇದು. ಅಮ್ಮನಿಗೆ ಎರಡನೇ ಸಲ ಗೆದ್ದದ್ದೂ ಇದರಿಂದಲೇ. ಆದರೆ ಎರಡು ವಿಷಯ ನೋಡಿಕೊಳ್ಳಬೇಕು.

ಒಂದು, ಬೆಂಕಿ. ಡೈಮೆಥಿಕೋನ್ ಹಚ್ಚಿದ ಕೂದಲು ಬೇಗ ಹೊತ್ತಿಕೊಳ್ಳಬಹುದು. ಒಲೆ, ದೀಪ, ಸಿಗರೇಟು, ಹೇರ್ ಡ್ರೈಯರ್ ಎಲ್ಲ ದೂರ ಇರಲಿ. ಮನೆಯಲ್ಲಿ ಆಕ್ಸಿಜನ್ ಹಾಕಿಕೊಳ್ಳುವವರಿದ್ದರೆ ಡಾಕ್ಟರನ್ನು ಕೇಳದೆ ಇದನ್ನು ಹಚ್ಚಲೇಬೇಡಿ. ಆಕ್ಸಿಜನ್ ಇದ್ದಲ್ಲಿ ಸಣ್ಣ ಕಿಡಿಯೂ ದೊಡ್ಡ ಬೆಂಕಿಯಾಗುತ್ತದೆ. ಅವರಿಗೆ ಕಂಡೀಷನರ್ ಹಚ್ಚಿ ಬಾಚುವ ದಾರಿಯೇ ನನಗೆ ನೆಮ್ಮದಿ.

ಎರಡು, ಜಾರುವುದು. ಇದು ನೆಲದ ಮೇಲೆ ಹನಿದರೆ ಬಚ್ಚಲು ಜಾರುಬಂಡೆಯಾಗುತ್ತದೆ. ಸೊಂಟ ಮುರಿದು ಎದ್ದ ಅಮ್ಮನಿಗೆ ಹೇನಿಗಿಂತ ಅದೇ ದೊಡ್ಡ ಅಪಾಯ. ಕುರ್ಚಿಯ ಕೆಳಗೆ ಹಳೆ ಟವೆಲ್ ಹಾಸಿ. ಮುಗಿದ ಮೇಲೆ ನೆಲವನ್ನು ಸೋಪು ಹಾಕಿ ಒರೆಸಿ, ಆಮೇಲೆ ಅವರನ್ನು ಎಬ್ಬಿಸಿ.

ಪರ್ಮೆಥ್ರಿನ್

ಜಾಸ್ತಿ ಜನಕ್ಕೆ ಗೊತ್ತಿರುವುದು ಇದೇ. ಸೇವಂತಿಗೆ ಜಾತಿಯ ಹೂವಿನಲ್ಲಿ ಸಿಗುವ ಕೀಟನಾಶಕವನ್ನು ಹೋಲುವಂತೆ ಮಾಡಿದ ರಾಸಾಯನಿಕ. ಹೇನಿಗೆ 1% ಇರುವುದನ್ನು ತಗೋಬೇಕು. 5% ಇರುವುದು ಕಜ್ಜಿಗೆ. ಟವೆಲಿನಿಂದ ಒರೆಸಿದ ಒದ್ದೆ ಕೂದಲಿಗೆ ಹಚ್ಚಿ 10 ನಿಮಿಷ ಬಿಟ್ಟು ತೊಳೆಯಬೇಕು. ಅದಕ್ಕೆ ಮೊದಲು ಕಂಡೀಷನರ್ ಹಚ್ಚಬಾರದು, ಔಷಧಿ ಕೂದಲಿಗೆ ಹಿಡಿಯುವುದಿಲ್ಲ. ತೊಳೆದ ಮೇಲೆ ಒಂದೆರಡು ದಿನ ತಲೆಗೆ ಸ್ನಾನ ಬೇಡ. 9ನೇ ದಿನ ಎರಡನೇ ಸಲ.

ಹೊತ್ತು ಕಡಿಮೆ ಸಾಕು, ವಾಸನೆ ಕಡಿಮೆ, ಎರಡು ತಿಂಗಳು ದಾಟಿದ ಕೂಸಿನಿಂದ ಹಿಡಿದು ಬಳಸಬಹುದು. ಇವು ಇದರ ಒಳ್ಳೆಯ ಗುಣ. ಕೊರತೆ ಒಂದೇ, ಆದರೆ ದೊಡ್ಡದು. ಎಷ್ಟೋ ದೇಶಗಳಲ್ಲಿ ಹೇನು ಇದಕ್ಕೆ ಜಗ್ಗುವುದೇ ಇಲ್ಲ. ಜಗ್ಗಿದೆಯೋ ಇಲ್ಲವೋ ತಿಳಿಯಲು 8ರಿಂದ 12 ಗಂಟೆ ಬಿಟ್ಟು ಬಾಚಿ ನೋಡಿ. ಹೇನು ಸತ್ತಿದ್ದರೆ, ಅಥವಾ ತೂಕಡಿಸಿದ ಹಾಗೆ ನಿಧಾನವಾಗಿ ಕದಲುತ್ತಿದ್ದರೆ, ಔಷಧಿ ಕೆಲಸ ಮಾಡುತ್ತಿದೆ. ಮೊದಲಿನಷ್ಟೇ ಚುರುಕಾಗಿ ಓಡುತ್ತಿದ್ದರೆ ಅದನ್ನೇ ಮತ್ತೆ ಮತ್ತೆ ಹಚ್ಚಿ ನೆತ್ತಿ ಸುಡಬೇಡಿ. ಬೇರೆ ಬಗೆಯ ಔಷಧಿಗೆ ಹೋಗಿ.

ಇದನ್ನು ತಲೆ ಬಗ್ಗಿಸಿ ಬೇಸಿನ್ನಿನಲ್ಲಿ ತೊಳೆಯುವುದು ಒಳ್ಳೆಯದು. ಷವರಿನ ಕೆಳಗೆ ನಿಲ್ಲಿಸಿದರೆ ಔಷಧಿ ಮೈಮೇಲೆಲ್ಲ ಇಳಿಯುತ್ತದೆ. ನೀರು ಬಿಸಿ ಬೇಡ, ಉಗುರುಬೆಚ್ಚಗೆ ಸಾಕು. ಬಗ್ಗಲು ಆಗದವರಿಗೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿಸಿ, ಕಣ್ಣಿನ ಮೇಲೆ ಮಡಚಿದ ಬಟ್ಟೆ ಇಟ್ಟು ತೊಳೆಯಬಹುದು. ಆಗ ಕತ್ತಿನ ಕೆಳಗೆ ಸುತ್ತಿದ ಟವೆಲ್ ಇರಲಿ.

ಮ್ಯಾಲಾಥಿಯಾನ್ ಮತ್ತು ಲಿಂಡೇನ್

ಮ್ಯಾಲಾಥಿಯಾನ್ 0.5% ಲೋಷನ್ ಕೆಲಸ ಚೆನ್ನಾಗಿ ಮಾಡಬಹುದು, ಆದರೆ 8ರಿಂದ 12 ಗಂಟೆ ತಲೆಯ ಮೇಲೆ ಇರಬೇಕು. ಆಲ್ಕೋಹಾಲ್ ಇರುವ ಲೋಷನ್ ಆದರೆ ಬೆಂಕಿಯ ಭಯ ಇನ್ನೂ ಜಾಸ್ತಿ, ಗೀರಿದ ನೆತ್ತಿಗೆ ಉರಿಯೂ ಹೌದು. ವಯಸ್ಸಾದವರಿಗೆ ಡಾಕ್ಟರ್ ಹೇಳದೆ ಹಚ್ಚುವುದು ಬೇಡ.

ಲಿಂಡೇನ್ ಹೇನಿಗೆ ಹಚ್ಚುವ ಇನ್ನೊಂದು ಕೀಟನಾಶಕ. ಅದರ ಬಗ್ಗೆ ನನ್ನ ಮಾತು ನೇರ. ಬೇಡ. ಅದು ಚರ್ಮದಿಂದ ಒಳಗೆ ಹೋಗಿ ಮೆದುಳಿಗೆ ತೊಂದರೆ ಕೊಟ್ಟು ಫಿಟ್ಸ್ ಬರಿಸಬಹುದು. ಮೈತೂಕ ಕಡಿಮೆ ಇರುವ ವೃದ್ಧರಿಗೆ ಅಪಾಯ ಜಾಸ್ತಿ. 2002ರಲ್ಲಿ ಕ್ಯಾಲಿಫೋರ್ನಿಯಾ ಇದನ್ನು ನಿಷೇಧಿಸಿತು. ಹಳೆಯ ಬಾಟಲಿ ಮನೆಯಲ್ಲಿ ಎಲ್ಲಾದರೂ ಉಳಿದಿದ್ದರೆ ಬಳಸಬೇಡಿ.

ಐವರ್ಮೆಕ್ಟಿನ್, ಸ್ಪಿನೋಸ್ಯಾಡ್

ಉಳಿದದ್ದು ಕೈಕೊಟ್ಟಾಗ ಡಾಕ್ಟರ್ ಇವನ್ನು ಬರೆದುಕೊಡುತ್ತಾರೆ. ಐವರ್ಮೆಕ್ಟಿನ್ ಎರಡು ರೂಪದಲ್ಲಿ ಇದೆ. 0.5% ಲೋಷನ್ ಒಣ ಕೂದಲಿಗೆ ಒಂದೇ ಸಲ, 10 ನಿಮಿಷ. ಅಮೆರಿಕದಲ್ಲಿ 2012ರಲ್ಲಿ ಒಪ್ಪಿಗೆ ಸಿಕ್ಕಿತು. ಇದು ಮೊಟ್ಟೆಯನ್ನು ನೇರವಾಗಿ ಕೊಲ್ಲದಿದ್ದರೂ, ಒಡೆದು ಬಂದ ಮರಿ ಬದುಕುವುದಿಲ್ಲ.

ಇನ್ನೊಂದು ಮಾತ್ರೆ. ನುಂಗಿದ ಔಷಧಿ ರಕ್ತಕ್ಕೆ ಸೇರುತ್ತದೆ, ರಕ್ತ ಹೀರಿದ ಹೇನು ಸಾಯುತ್ತದೆ. 7ರಿಂದ 10 ದಿನ ಬಿಟ್ಟು ಎರಡನೇ ಸಲ ನುಂಗಬೇಕು. 2010ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ, ಮೊದಲೊಂದು ಚಿಕಿತ್ಸೆ ಸೋತ ಮನೆಗಳ ಜನರಿಗೆ ಮಾತ್ರೆ ಕೊಟ್ಟಾಗ 15ನೇ ದಿನಕ್ಕೆ ಸುಮಾರು 95% ಮಂದಿಯ ತಲೆ ಹೇನಿಲ್ಲದೆ ಇತ್ತು. ಮ್ಯಾಲಾಥಿಯಾನ್ ಗುಂಪಿನಲ್ಲಿ 85%.

ಇಷ್ಟು ಚೆನ್ನಾಗಿದ್ದರೆ ಮೊದಲೇ ಮಾತ್ರೆ ನುಂಗಿಸಿಬಿಡಬಹುದಲ್ವಾ ಅಂತ ನಾನೂ ಕೇಳಿದೆ. ಮಾತ್ರೆ ಇಡೀ ಮೈಗೆ ಹೋಗುತ್ತದೆ. ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆ ತಗೊಳ್ಳುವವರಲ್ಲಿ ರಕ್ತ ಇನ್ನೂ ತೆಳುವಾದ ಉದಾಹರಣೆಗಳಿವೆ. ಬಸುರಿಯರಿಗೆ ಮತ್ತು 15 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಇದನ್ನು ಕೊಡುವುದಿಲ್ಲ. ಎಷ್ಟು ಕೊಡಬೇಕು ಅಂತ ತೂಕ ನೋಡಿ ಲೆಕ್ಕ ಹಾಕಬೇಕು. ತಲೆ ಮುಟ್ಟಲು ಬಿಡದ, ಮರೆವಿನ ಕಾಯಿಲೆ ಇರುವವರಿಗೆ ಮಾತ್ರ ಇದು ನಿಜವಾದ ವರ. ಡಾಕ್ಟರ್ ಹತ್ತಿರ ಹೋಗುವಾಗ ಅವರು ತಿನ್ನುವ ಎಲ್ಲ ಮಾತ್ರೆಗಳ ಪಟ್ಟಿ ಕೈಯಲ್ಲಿರಲಿ.

ಸ್ಪಿನೋಸ್ಯಾಡ್ 0.9% ಮೊಟ್ಟೆಯನ್ನೂ ಕೊಲ್ಲುತ್ತದೆ. 10 ನಿಮಿಷ ಬಿಟ್ಟು ತೊಳೆದರೆ ಆಯಿತು, ಸೀರು ಬಾಚಲೇಬೇಕು ಅಂತಿಲ್ಲ. ಬಾಚುವ ಕೈಯೇ ಇಲ್ಲದ ಮನೆಗೆ ಒಳ್ಳೆಯದು. ಏಳು ದಿನದ ಮೇಲೂ ಹೇನು ಹರಿದಾಡುತ್ತಿದ್ದರೆ ಮಾತ್ರ ಎರಡನೇ ಸಲ. ಎಲ್ಲ ಕಡೆ ಸಿಗುವುದಿಲ್ಲ ಅನ್ನುವುದೇ ಇದರ ತೊಂದರೆ.

ತಲೆ ಬೋಳಿಸುವುದು, ಸೀಮೆಎಣ್ಣೆ, ವಿನೆಗರ್

ಬೋಳಿಸಿದರೆ ಹೇನು ಹೋಗುತ್ತದೆ, ನಿಜ. ಅವರೇ ಬೇಕು ಅಂದರೆ ಮಾಡಿಸಿ. ನಮ್ಮ ಅನುಕೂಲಕ್ಕೆ ಅಂತ, ಮಾತಾಡಲು ಆಗದವರ ತಲೆಗೆ ಕತ್ತರಿ ಹಾಕಬೇಡಿ. ಮನೆ, ಓಡಾಟ, ತನ್ನಿಷ್ಟದ ಹೊತ್ತು ಎಲ್ಲ ಕಳೆದುಕೊಂಡು ಕೂತವರಿಗೆ ಉಳಿದ ಒಂದು ಹಿಡಿ ಜಡೆ ಎಷ್ಟು ದೊಡ್ಡದು ಅಂತ ನಾನು ಅಮ್ಮನ ಕೈ ನೋಡಿ ತಿಳಿದೆ. ಬಾಚುವಷ್ಟು ಹೊತ್ತೂ ಅವಳು ಜಡೆಯ ತುದಿಯನ್ನು ಹಿಡಿದುಕೊಂಡೇ ಇದ್ದಳು. ಸ್ವಲ್ಪ ಗಿಡ್ಡ ಮಾಡೋಣವಾ ಅಂತ ಕೇಳಬಹುದು. ಬೇಡ ಅಂದರೆ ಬೇಡ.

ಸೀಮೆಎಣ್ಣೆ, ಪೆಟ್ರೋಲ್ ಹಚ್ಚಿ ಸುಟ್ಟುಕೊಂಡವರು ಇದ್ದಾರೆ. ಕೀಟಗಳಿಗೆ ಹೊಡೆಯುವ ಸ್ಪ್ರೇ ತಲೆಗೆ ಅಲ್ಲ. ವಿನೆಗರ್ ಸೀರಿನ ಗೋಂದನ್ನು ಕರಗಿಸುತ್ತದೆ ಅನ್ನುವ ನಂಬಿಕೆ ಇದೆ, ನಂಬಿ ಕೂರುವಷ್ಟು ಪುರಾವೆ ಇಲ್ಲ. ಗೀರಿದ ನೆತ್ತಿ ಉರಿಯುವುದಂತೂ ಖಂಡಿತ. ತಲೆಗೆ ಹಚ್ಚುವ ಸಾಮಾನ್ಯ ಎಣ್ಣೆಯಿಂದ ಹೇನು ನಿಧಾನವಾಗುತ್ತದೆ, ಬಾಚಲು ಸುಲಭ. ಅದನ್ನೇ ಚಿಕಿತ್ಸೆ ಅಂದುಕೊಳ್ಳಬೇಡಿ.

ಹಾಗಾದರೆ ಯಾರಿಗೆ ಯಾವುದು?

ಕೂರಲು ಆಗುವವರು, ಕೂದಲು ತೆಳು, ಮನೆಯಲ್ಲಿ ತಾಳ್ಮೆಯ ಕೈ ಒಂದಿದೆ: ಒದ್ದೆ ಬಾಚುವುದರಿಂದ ಶುರು ಮಾಡಿ. ಕೂದಲು ಉದ್ದ, ಹೇನು ಜಾಸ್ತಿ: ಡೈಮೆಥಿಕೋನ್ ಹಚ್ಚಿ, ನಡುವಿನ ದಿನಗಳಲ್ಲಿ ಬಾಚಿ. ಆಕ್ಸಿಜನ್ ಇದ್ದವರು: ಬಾಚುವುದು, ಸಾಲದಿದ್ದರೆ ಡಾಕ್ಟರ್. ಆಸ್ತಮಾ, ಎಕ್ಸಿಮಾ: ಬಾಚುವುದು ಅಥವಾ ಡೈಮೆಥಿಕೋನ್. ನೆತ್ತಿಯಲ್ಲಿ ಕೀವು, ಹಕ್ಕಳೆ, ಕತ್ತಿನ ಗಂಟು ಊದಿದೆ: ತುರಿಸಿ ಗಾಯಕ್ಕೆ ಸೋಂಕು ಆಗಿರಬಹುದು, ಮೊದಲು ಡಾಕ್ಟರಿಗೆ ತೋರಿಸಿ.

ಮರೆವಿನ ಕಾಯಿಲೆ ಇರುವವರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ತುರಿಸುತ್ತಿದೆ ಅಂತ ಅವರು ಬಾಯಿಬಿಟ್ಟು ಹೇಳದೆ ಇರಬಹುದು. ರಾತ್ರಿ ನಿದ್ದೆ ಬಾರದೆ ಒದ್ದಾಡುವುದು, ದಿಂಬಿಗೆ ತಲೆ ಉಜ್ಜುವುದು, ಸಿಡುಕುವುದು, ಹೀಗೆ ಕಾಣಿಸುತ್ತದೆ. ಇಡೀ ರಾತ್ರಿ ಬಿಡುವ ಔಷಧಿ ಅವರಿಗೆ ಕಷ್ಟ. ಕೈ ಹಾಕಿ ಕಣ್ಣಿಗೆ ಉಜ್ಜಿಕೊಳ್ಳುತ್ತಾರೆ. ಹತ್ತು, ಹದಿನೈದು ನಿಮಿಷದಲ್ಲಿ ಮುಗಿಯುವುದನ್ನು ಆರಿಸಿ. ಬಾಚುವುದಾದರೆ ಒಂದೇ ಸಲ ಇಡೀ ತಲೆ ಬೇಡ. ಬೆಳಿಗ್ಗೆ ಒಂದು ಭಾಗ, ಮಧ್ಯಾಹ್ನ ಇನ್ನೊಂದು. ಅವರಿಗೆ ಇಷ್ಟವಾದ ಹಾಡು ಹಾಕಿ, ಕೈಗೆ ಮಡಚಲು ಒಂದು ಬಟ್ಟೆ ಕೊಡಿ. "ಹೇನು" ಅನ್ನುವ ಮಾತೇ ಬೇಡ, "ತಲೆ ಬಾಚೋಣ" ಅಂದರೆ ಸಾಕು.

ಮನೆಯವರೆಲ್ಲ ಬಾಚಿ ನೋಡಿಕೊಳ್ಳಬೇಕು. ಹರಿದಾಡುವ ಹೇನು ಸಿಕ್ಕವರು ಎಲ್ಲರೂ ಒಂದೇ ದಿನ ಚಿಕಿತ್ಸೆ ಶುರು ಮಾಡಬೇಕು. ಇಲ್ಲದಿದ್ದರೆ ಹೇನು ಅವರಿಂದ ಇವರಿಗೆ, ಇವರಿಂದ ಅವರಿಗೆ ಓಡಾಡುತ್ತಿರುತ್ತದೆ. ಒಂದೇ ಹಾಸಿಗೆಯಲ್ಲಿ ಮಲಗುವವರು ಹೇನು ಸಿಗದಿದ್ದರೂ ಜೊತೆಗೇ ಹಚ್ಚಿಕೊಳ್ಳುವುದು ಒಳ್ಳೆಯದು. ಉಳಿದವರಿಗೆ ಮುಂಜಾಗ್ರತೆಗೆ ಅಂತ ಹಚ್ಚುವುದು ಬೇಡ.

ಹಾಸಿಗೆ, ಬಟ್ಟೆ

ಇಲ್ಲಿ ಜಾಸ್ತಿ ಬೆವರು ಸುರಿಸಬೇಕಾಗಿಲ್ಲ. ತಲೆ ಬಿಟ್ಟ ಹೇನು ರಕ್ತ ಸಿಗದೆ ಒಂದೆರಡು ದಿನದಲ್ಲಿ ಸಾಯುತ್ತದೆ. ಆಸ್ಟ್ರೇಲಿಯಾದಲ್ಲಿ 118 ತರಗತಿಗಳ ಮಕ್ಕಳ ತಲೆಯಿಂದ ಹದಿನಾಲ್ಕು ಸಾವಿರ ಹೇನು ತೆಗೆದರು, ಆ ಕೋಣೆಗಳ ನೆಲದಲ್ಲಿ ಹುಡುಕಿದರೆ ಒಂದೂ ಸಿಗಲಿಲ್ಲ. ಹಿಂದಿನ ಎರಡು ದಿನ ಬಳಸಿದ ದಿಂಬಿನ ಕವರ್, ಟವೆಲ್, ಟೋಪಿ, ಸ್ಕಾರ್ಫ್ ಇವನ್ನು 54 ಡಿಗ್ರಿಗಿಂತ ಬಿಸಿ ನೀರಿನಲ್ಲಿ ಒಗೆಯಿರಿ. ಬಾಚಣಿಗೆಯನ್ನು ಅಷ್ಟೇ ಬಿಸಿ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಡಿ. ಒಗೆಯಲಾಗದ್ದನ್ನು ಚೀಲದಲ್ಲಿ ಕಟ್ಟಿ ಎರಡು ವಾರ ಪಕ್ಕಕ್ಕಿಡಿ. ಮನೆಗೆಲ್ಲ ಕೀಟನಾಶಕ ಹೊಡೆಯುವುದು ಬೇಡ. ಆ ಹೊಗೆ ಮುದುಕರ ಎದೆಗೆ ಕೆಟ್ಟದ್ದು. ನಾನು ಮೊದಲ ದಿನ ಪರದೆಗಳನ್ನೆಲ್ಲ ಇಳಿಸಿ ಒಗೆದೆ. ಆ ಹೊತ್ತನ್ನು ಅಮ್ಮನ ತಲೆಗೆ ಕೊಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು.

ಕೇಂದ್ರದವರಿಗೆ ಹೇಳುವುದು

ಹೇಳಲೇಬೇಕು. ಅಮ್ಮನ ಪಕ್ಕದ ಹಾಸಿಗೆಯ ಅಜ್ಜಿಗೂ ತುರಿಸುತ್ತಿರಬಹುದು, ಅವರನ್ನು ನೋಡಲು ಯಾರೂ ಬಾರದೆ ಇರಬಹುದು. ದೂರು ಕೊಡುವ ದನಿ ಬೇಡ. ಯಾವ ದಿನ ಕಂಡಿತು, ಎಷ್ಟು ಸಿಕ್ಕವು, ಯಾವ ಔಷಧಿ ಹಚ್ಚಿದೆವು, ಎರಡನೇ ಸಲ ಯಾವಾಗ, ಇಷ್ಟನ್ನು ಹೇಳಿ. ಆರೈಕೆ ಮಾಡುವ ಹುಡುಗಿಯರ ತಲೆಯನ್ನೂ ನೋಡಿಕೊಳ್ಳಲಿ ಅಂತ ಮೃದುವಾಗಿ ಹೇಳಿ. ಅವರೂ ನಾಚಿಕೆಯಿಂದ ಮುಚ್ಚಿಡುತ್ತಾರೆ, ಅವರ ಮನೆಯಲ್ಲೂ ಮಕ್ಕಳಿರುತ್ತಾರೆ. ಪ್ರತಿಯೊಬ್ಬರಿಗೂ ಬೇರೆ ಬಾಚಣಿಗೆ, ಅದರ ಮೇಲೆ ಹೆಸರು, ಇದನ್ನು ಮಾತ್ರ ಗಟ್ಟಿಯಾಗಿ ಕೇಳಿ. ಹೇನು ಇದೆ ಅಂತ ಯಾರನ್ನೂ ಕೋಣೆಯಲ್ಲಿ ಒಬ್ಬರೇ ಕೂಡಿಹಾಕುವ ಅಗತ್ಯ ಇಲ್ಲ. ಮೊದಲ ಸಲ ಔಷಧಿ ಹಚ್ಚಿ ತೊಳೆದ ಮೇಲೆ ಎಲ್ಲರ ಜೊತೆ ಕೂರಬಹುದು.

ಚಿಕಿತ್ಸೆ ಮುಗಿದ ಮೇಲೂ ಕೆಲವು ದಿನ ತುರಿಕೆ ಉಳಿಯಬಹುದು. ಅಲರ್ಜಿ ಇಳಿಯಲು ಹೊತ್ತು ಬೇಕು. ತುರಿಸಿತು ಅಂತ ಮೂರನೇ ಸಲ ಔಷಧಿ ಹಚ್ಚಬೇಡಿ, ಬಾಚಿ ನೋಡಿ. ಹರಿದಾಡುವುದು ಸಿಕ್ಕರೆ ಮಾತ್ರ ಮತ್ತೆ ಯೋಚಿಸಿ.

ಮೊನ್ನೆ ಅಮ್ಮನನ್ನು ಮತ್ತೆ ಎರಡು ವಾರ ಅದೇ ಕೇಂದ್ರಕ್ಕೆ ಬಿಡಬೇಕಾಗಿ ಬಂತು. ಹೋಗುವ ಹಿಂದಿನ ಸಂಜೆ ಒದ್ದೆ ತಲೆ ಬಾಚಿದೆ, ಬಟ್ಟೆಯ ಮೇಲೆ ಏನೂ ಬೀಳಲಿಲ್ಲ. ಅದನ್ನು ಕೇಂದ್ರದವರಿಗೆ ಬರೆದುಕೊಟ್ಟೆ. ಅವಳ ಬಾಚಣಿಗೆಗೆ ಕೆಂಪು ದಾರ ಕಟ್ಟಿ ಚೀಲದಲ್ಲಿ ಇಟ್ಟೆ. ವಾಪಸು ಬಂದ ದಿನ ಮತ್ತೆ ಬಾಚಿದೆ. ಅಲ್ಲಿಂದ ಆರು ವಾರ, ಪ್ರತಿ ಭಾನುವಾರ ಬೆಳಿಗ್ಗೆ, ಕಿಟಕಿಯ ಬೆಳಕಿನಲ್ಲಿ ಕೂತು ಬಾಚಬೇಕು ಅಂತ ಇಟ್ಟುಕೊಂಡಿದ್ದೇವೆ. ಇವತ್ತಿಗೆ ಮೂರನೇ ಭಾನುವಾರ.